ಹಕ್ಕಿಗೆಲ್ಲಿಯ ನರೆ

ಅಜ್ಜಂಪುರ
೯-೭-೧೯೭೮
(ಕಾರ್ಡು)

ಚಿ. ಸೌ. ಲಿಂಗಮ್ಮನಿಗೆ,

ಮಗಳ ಬಾಣಂತನಕ್ಕೆಂದು ನೀನು ಸಖರಾಯಪಟ್ಟಣಕ್ಕೆ ಹೋಗಿ ನಾಲ್ಕು ತಿಂಗಳು ದಾಟಿತು. ಮೂರು ತಿಂಗಳಿಗೆ ಬರುತ್ತೇನೆ ಎಂದವಳು ನೀನೇ. ಕೂಸು ಈಗ ಮಗುಚಿಕೊಳ್ಳುತ್ತಿರಬೇಕು. ಅದಕ್ಕೆ ನಿನ್ನ ಸಹಾಯ ಬೇಕಿಲ್ಲ.

ಮುಖ್ಯ ವಿಷಯ. ನನ್ನ ಹಕ್ಕಿ ಪುಸ್ತಕ ತರೀಕೆರೆಯ ಜಯದೇವಪ್ಪನವರ ಪ್ರೆಸ್ಸಿನಲ್ಲಿ ಅಚ್ಚಾಗುವುದು ಖಂಡಿತವಾಯಿತು. 'ನಮ್ಮ ಸೀಮೆಯ ಅರವತ್ತನಾಲ್ಕು ಹಕ್ಕಿಗಳು' ಎಂದು ಹೆಸರು. ರಟ್ಟು ಆಗಲೇ ಅಚ್ಚಾಗಿದೆ, ಒಳಗಿನದು ಬಾಕಿ. ಯಾವ ಹಕ್ಕಿ ಯಾವಾಗ ಬಂತು, ಯಾವಾಗ ಹೋಯಿತು ಎಂಬ ತಾರೀಕು ಬೇಕು. ಅಡಿಗೆಮನೆಯ ಮೊಳೆಗೆ ನೇತುಹಾಕಿದ್ದ ಪಂಚಾಂಗಗಳ ಅಂಚಿನಲ್ಲಿ ನೀನು ಏನೋ ಗೀಚುತ್ತಿದ್ದೆಯಲ್ಲ, ಅವು ಕಾಣುತ್ತಿಲ್ಲ. ಎಲ್ಲಿಟ್ಟಿದ್ದೀಯ, ಕೂಡಲೇ ತಿಳಿಸು. ಪಕ್ಕದ ಮನೆ ದ್ಯಾಮಮ್ಮ ಮಾಡಿಕೊಡುವ ಸಾರು ನೀರಿನಂತಿರುತ್ತದೆ.

ಇಂತಿ,
ಈರಭದ್ರಪ್ಪ


ಸಖರಾಯಪಟ್ಟಣ
೧೬-೭-೧೯೭೮

ಯಜಮಾನರಿಗೆ ಲಿಂಗಮ್ಮನ ನಮಸ್ಕಾರ. ಕ್ಷೇಮದ ಮಾತು ಕೊನೆಗೆ ಬರೆಯುತ್ತೇನೆ, ಮೊದಲು ಜಗಳ.

ಕಾರ್ಡಿನಲ್ಲಿ ಬರೆಯಬೇಡಿ ಎಂದು ನಿಮಗೆ ಎಷ್ಟು ಸಲ ಹೇಳುವುದು? ಇಲ್ಲಿನ ಪೋಸ್ಟ್‌ಮನ್ ಚಿಕ್ಕಬೀರಪ್ಪನಿಗೆ ಕಾರ್ಡು ಓದದೆ ಕೊಟ್ಟರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಬಸ್‌ಸ್ಟ್ಯಾಂಡಿನ ಹೋಟ್ಲಿನಲ್ಲಿ ಒಂದು ಸಲ ಓದಿ, ಅರಳಿಕಟ್ಟೆಯಲ್ಲಿ ಇನ್ನೊಂದು ಸಲ ಓದಿ, ಆಮೇಲೆ ನಮ್ಮ ಬಾಗಿಲಿಗೆ ಬಂದ. "ಸಾರು ನೀರಾಗೈತಂತೆ ಕಣವ್ವ, ಹೋಗ್ಬಾರ್ದಾ ಪಾಪ" ಅಂದ. ಸುಲೋಚನ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಳಿಯಂದಿರು ನಗಲಿಲ್ಲ, ಎದ್ದು ತೆಂಗಿನ ತೋಟಕ್ಕೆ ಹೋದರು. ಅಲ್ಲಿ ಹೋಗಿ ನಕ್ಕಿರುತ್ತಾರೆ.

ಪಂಚಾಂಗಗಳು ನನ್ನ ಟ್ರಂಕಿನಲ್ಲಿವೆ. ಕಳೆದಿಲ್ಲ, ನಾನೇ ತಂದೆ. 'ಏನೋ ಗೀಚುತ್ತಿದ್ದೆ' ಎಂದು ಬರೆದಿದ್ದೀರಿ. ಗೀಚಿದ್ದು ದೊಡ್ಡವರ ಪುಸ್ತಕಕ್ಕೆ ಯಾತಕ್ಕೆ? ಹಿರೇನಲ್ಲೂರಿನಲ್ಲಿ ನಮ್ಮಪ್ಪ ಯಾವ ಮಳೆಗೆ ಯಾವ ಹಕ್ಕಿ ಬಂತು ಎಂದು ನೋಡಿಕೊಂಡೇ ಕೂರಿಗೆ ಕಟ್ಟುತ್ತಿದ್ದ. ಬೆದ್ದಲು ಹೊಲದವರಿಗೆ ಅದೇ ಲೆಕ್ಕ. ಅವನು ಹೇಳಿಕೊಟ್ಟಿದ್ದನ್ನು ನಾನು ಬರೆದಿಡುತ್ತಾ ಬಂದೆ. ಇಪ್ಪತ್ತು ವರ್ಷದಲ್ಲಿ ನೀವು ಒಂದು ಸಲವಾದರೂ ಆ ಮೊಳೆಯಿಂದ ತೆಗೆದು ಓದಿದ್ದೀರಾ? ಅಮಾವಾಸ್ಯೆ ಯಾವತ್ತು ಎಂದು ನೋಡುವುದಕ್ಕೂ ನನ್ನನ್ನೇ ಕೂಗುತ್ತಿದ್ದಿರಿ.

ಬರುವ ಮಾತು ಸದ್ಯಕ್ಕಿಲ್ಲ. ಕೂಸಿಗೆ ಶೀತ. ಸಾರಿಗೆ ಬೇಳೆ ಇನ್ನೊಂದು ಹಿಡಿ ಹಾಕು ಎಂದು ದ್ಯಾಮಮ್ಮನಿಗೆ ಹೇಳಿ, ಅದಕ್ಕೆ ಬಾಯಿ ಸಾಕು, ಪಂಚಾಂಗ ಬೇಡ. ನಾವೆಲ್ಲ ಕ್ಷೇಮ.

ಲಿಂಗಮ್ಮ


ಅಜ್ಜಂಪುರ
೧೩-೮-೧೯೭೮
(ಕಾರ್ಡು ಒಂದು)

ಚಿ. ಸೌ. ಲಿಂಗಮ್ಮನಿಗೆ,

ಪಂಚಾಂಗ ನಿನ್ನದಿರಬಹುದು, ಹಕ್ಕಿಗಳು ಯಾರಪ್ಪನದೂ ಅಲ್ಲ. ನಾನು ಅಮೃತಮಹಲ್ ಕಾವಲಿನಲ್ಲಿ ಮೂವತ್ತು ವರ್ಷ ಸ್ಟಾಕ್‌ಮನ್ ಕೆಲಸ ಮಾಡಿದವನು. ದನಕ್ಕೆ ಸೂಜಿ ಹಾಕುತ್ತಾ ಹಾಕುತ್ತಾ ಹುಲ್ಲಿನ ಹಕ್ಕಿಗಳನ್ನೆಲ್ಲ ಗುರುತು ಹಿಡಿದೆ, ಡಿಕ್ಷನರಿ ಇಟ್ಟುಕೊಂಡು ಇಂಗ್ಲಿಷ್ ಪುಸ್ತಕ ಓದಿದೆ. ಈಗ ಪುಸ್ತಕ ಹೊರಗೆ ಬರುವ ಹೊತ್ತಿಗೆ ನೀನು ಟ್ರಂಕಿಗೆ ಬೀಗ ಹಾಕಿ ಕೂತಿದ್ದೀಯ.

ನಿಸರ್ಗತಜ್ಞರೊಬ್ಬರ ಜೀವನ ಚರಿತ್ರೆ ಓದುತ್ತಿದ್ದೇನೆ. ಆ ಮಹಾನುಭಾವ ಹದಿನೆಂಟು ವರ್ಷ ಒಂದೇ ಜೌಗಿನ ದಂಡೆಯಲ್ಲಿ ಕೂತು ಕೊಕ್ಕರೆ ನೋಡಿದನಂತೆ. ಮನೆಯವರು ಅಡ್ಡಿ ಮಾಡಿದರು ಎಂಬ ಒಂದು ಮಾತು ಇಡೀ ಪುಸ್ತಕದಲ್ಲಿಲ್ಲ.

(ಮಿಕ್ಕಿದ್ದು ಎರಡನೆಯ ಕಾರ್ಡಿನಲ್ಲಿ.) ಈ.


ಅಜ್ಜಂಪುರ
೧೩-೮-೧೯೭೮
(ಕಾರ್ಡು ಎರಡು)

ಎಲ್ಲ ಹಕ್ಕಿಯದೂ ಕೊಡಲು ಮನಸ್ಸಿಲ್ಲದಿದ್ದರೆ ಎರಡರದ್ದಾದರೂ ಕೊಡು. ನಲವತ್ತೊಂದು, ಕೆಂಪು ಬಾಲದಂಡೆ. ನಲವತ್ತೆರಡು, ಬಿಳಿ ಬಾಲದಂಡೆ. ಕಪ್ಪು ತಲೆ, ಗೇಣಿಗೂ ಮೀರಿದ ಬಾಲ, ಹಾರುತ್ತಲೇ ನೊಣ ಹಿಡಿಯುವ ಆ ಹಕ್ಕಿಗಳು ಬೇರೆ ಬೇರೆ ವರ್ಷ ಚಳಿಗಾಲದಲ್ಲಿ ನಮ್ಮ ಹಿತ್ತಲಿಗೆ ಬಂದಿದ್ದವು. ನಾನು ಬೆಳಿಗ್ಗೆಯೇ ಕಾವಲಿಗೆ ಹೋಗುತ್ತಿದ್ದೆನಾದ್ದರಿಂದ ತಾರೀಕು ಬರೆದುಕೊಂಡಿಲ್ಲ. ಕೆಂಪು ಬಂದದ್ದು ಎಂದು, ಬಿಳಿ ಬಂದದ್ದು ಎಂದು, ಇಷ್ಟು ತಿಳಿಸಿದರೆ ಸಾಕು. ಜಯದೇವಪ್ಪನವರು ಅಚ್ಚಿನ ಮೊಳೆ ಜೋಡಿಸಲು ಶುರು ಮಾಡಿದ್ದಾರೆ. ದ್ಯಾಮಮ್ಮ ಬೇಳೆ ಜಾಸ್ತಿ ಹಾಕಿದಳು, ಈಗ ಉಪ್ಪು ಮರೆಯುತ್ತಾಳೆ.

ಇಂತಿ,
ಈರಭದ್ರಪ್ಪ


ಸಖರಾಯಪಟ್ಟಣ
೪-೯-೧೯೭೮

ಯಜಮಾನರಿಗೆ,

ನಿಮ್ಮ ಎರಡನೆಯ ಕಾರ್ಡು ಮೊದಲು ಬಂತು. ಮೊದಲನೆಯದು ನಾಲ್ಕು ದಿನ ಬಿಟ್ಟು ಬಂತು. ಆ ನಾಲ್ಕು ದಿನವೂ ಚಿಕ್ಕಬೀರಪ್ಪ ನಿಂತಲ್ಲಿ ನಿಲ್ಲಲಿಲ್ಲ. "ಒಂದ್ನೇದು ಎಲ್ಲೋಯ್ತು ಕಣವ್ವ, ಶುರು ಗೊತ್ತಾಗ್ದೆ ನಂಗೆ ನಿದ್ದೆ ಬರ್ತಿಲ್ಲ" ಅಂದ. ಈಗ ಹೋಟ್ಲಿನಲ್ಲಿ ಅರ್ಧ ಜನ ನಿಮ್ಮ ಕಡೆ, ಅರ್ಧ ಜನ ನನ್ನ ಕಡೆ. ಬಾಲದಂಡೆ ಎಂದರೆ ಏನು ಎಂದು ಅವರಲ್ಲಿ ಒಬ್ಬನಿಗೂ ಗೊತ್ತಿಲ್ಲ.

ನಿಮ್ಮ ಜೌಗಿನ ಮಹಾನುಭಾವನ ವಿಷಯ. ಆ ಹದಿನೆಂಟು ವರ್ಷ ಅವನಿಗೆ ಮುದ್ದೆ ತೊಳಸಿಕೊಟ್ಟವರು ಯಾರು, ಕೆಸರಾದ ಅವನ ಪಂಚೆ ಒಗೆದವರು ಯಾರು ಎಂದು ಆ ಪುಸ್ತಕದಲ್ಲಿ ಬರೆದಿದೆಯಾ? ಬರೆದಿದ್ದರೆ ಪುಟದ ನಂಬರು ತಿಳಿಸಿ. ಅಡ್ಡಿ ಮಾಡಿದ ಮಾತೂ ಇಲ್ಲ, ಅಡಿಗೆ ಮಾಡಿದ ಮಾತೂ ಇಲ್ಲ ಅಂದರೆ ಆ ಮನೆಯಲ್ಲಿ ಒಬ್ಬಳು ಇದ್ದಳು ಎನ್ನುವುದೇ ಬರೆದವನಿಗೆ ಕಾಣಲಿಲ್ಲ ಅಂತಾಯಿತು.

ಆದರೂ ಪುಸ್ತಕ ನನ್ನಿಂದ ನಿಂತಿತು ಎನ್ನುವ ಮಾತು ಬೇಡ. ಬರೆದುಕೊಳ್ಳಿ. ಚಾತಕ ಎಲ್ಲ ವರ್ಷವೂ ರೋಹಿಣಿ ಮಳೆಯೊಳಗೆ ಬಂದಿದೆ, ಒಂದು ವರ್ಷ ಮಾತ್ರ ಮೃಗಶಿರಾ ಹಿಡಿಯಿತು. ಸಿಪಿಲೆ ಹಕ್ಕಿ ಉತ್ತರೆ ಮಳೆ ಕೊನೆಗೆ ಬಾವಿಕಟ್ಟೆಯ ಮೇಲೆ ಬಾಲ ಕುಣಿಸುತ್ತದೆ. ಗುಲಾಬಿ ಕಬ್ಬಕ್ಕಿ ಜೋಳ ಹಾಲು ಕಟ್ಟುವ ಹೊತ್ತಿಗೆ. ಇನ್ನೂ ಹದಿನೇಳು ಹಕ್ಕಿಯದನ್ನು ಬೇರೆ ಹಾಳೆಯಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ಸುಲೋಚನ ಮಗು ಮಲಗಿಸಿ ತಾರೀಕಿಗೆ ಹೊಂದಿಸಿಕೊಟ್ಟಿದ್ದಾಳೆ.

ಕೆಂಪು ಬಾಲದಂಡೆ, ಬಿಳಿ ಬಾಲದಂಡೆ ತಾರೀಕು ಕೊಡುವುದಿಲ್ಲ. ಯಾಕೆಂದರೆ ಅವು ಎರಡಲ್ಲ, ಒಂದೇ ಹಕ್ಕಿ. ಇದನ್ನು ನಾನು ನಿಮಗೆ ಹೇಳಿದ್ದೆ. ಎಲ್ಲಿ, ಯಾರ ಮುಂದೆ ಹೇಳಿದೆ ಎನ್ನುವುದು ನಿಮಗೆ ನೆನಪಿಲ್ಲದಿದ್ದರೆ ನನಗಿದೆ.

ನಾಲ್ಕು ವರ್ಷದ ಕೆಳಗೆ, ಆನಂದ ಸಂವತ್ಸರದ ಸ್ವಾತಿ ಮಳೆಯಲ್ಲಿ, ಸೀಬೆಕಾಯಿಗೆ ಅಳಿಲು ಬಾಯಿ ಹಾಕದಿರಲಿ ಎಂದು ನಾನು ಕಟ್ಟಿದ್ದ ದಾರಕ್ಕೆ ಒಂದು ಕೆಂಪು ಹಕ್ಕಿ ಕಾಲು ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತು. ಬಿಡಿಸಿದೆ. ನನ್ನ ಮುಷ್ಟಿಯೊಳಗೆ ಅದರ ಎದೆ ಬಡಿದುಕೊಳ್ಳುವುದು ಇವತ್ತಿಗೂ ಕೈಗೆ ನೆನಪಿದೆ. ವಾರದೊಳಗೆ ಅದರ ಬಲಗಾಲಿನ ಪಾದ ಒಣಗಿ ಉದುರಿತು. ಬಲಗಾಲು, ನೆನಪಿಟ್ಟುಕೊಳ್ಳಿ, ನೀವು ಇಂಥದ್ದು ಮರೆಯುತ್ತೀರಿ. ಆ ಮೊಂಡುಕಾಲಿನಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲಿನ ಕೊಂಬೆಗೆ ವಾಲಿಕೊಂಡು ಕೂತು ನೊಣ ಹಿಡಿದು ತಿಂದು ಬದುಕಿತು. ನನ್ನ ದಾರದಿಂದ ಕಾಲು ಹೋಯಿತಲ್ಲ ಎಂದು ದಿನಾ ನೋಡುತ್ತಿದ್ದೆ. ಯುಗಾದಿಗೆ ಹೋಯಿತು, ಮತ್ತೆ ಸ್ವಾತಿಗೆ ಬಂತು. ಮೂರು ಚಳಿಗಾಲ ಕೆಂಪಗಿತ್ತು, ನಾಲ್ಕನೆಯದಕ್ಕೆ ಹಾಲಿನಷ್ಟು ಬೆಳ್ಳಗೆ ಬಂತು. ಕಾಲು ಮಾತ್ರ ಅದೇ ಕಾಲು.

ಹೋದ ಸಂಕ್ರಾಂತಿಯ ಮಾರನೆಯ ದಿನ ಶಿವಮೊಗ್ಗದ ಕಾಲೇಜಿನಿಂದ ಇಬ್ಬರು ಮೇಷ್ಟ್ರುಗಳು ನಿಮ್ಮನ್ನು ನೋಡಲು ಬಂದಿದ್ದರು. ಆ ಹೊತ್ತಿಗೆ ಸರಿಯಾಗಿ ಅದು ಕೊಂಬೆಗೆ ಬಂತು. ನೀವು ಮೂವರೂ ಕಿಟಕಿಗೆ ಮುಗಿಬಿದ್ದಿರಿ. ನಾನು ಉಪ್ಪಿಟ್ಟು ತಂದವಳು "ಅದೇ ಹಕ್ಕಿ ಕಣ್ರೀ, ಮೊದ್ಲು ಕೆಂಪಗಿತ್ತು, ವಯಸ್ಸಾಗಿ ಬೆಳ್ಳಗಾಗೈತೆ" ಅಂದೆ. ನೀವು ಏನಂದಿರಿ? "ಹಕ್ಕಿಗೆಲ್ಲಿಯ ನರೆ! ಇದು ನಮ್ಮ ಮನೆಯವಳ ಪಕ್ಷಿಶಾಸ್ತ್ರ. ಮುಂದಿನ ವರ್ಷ ಕಾಗೆ ಬೆಳ್ಳಗಾಗುತ್ತೆ ನೋಡ್ತಿರಿ." ಮೂವರೂ ನಕ್ಕಿರಿ. ಅವರಲ್ಲಿ ಉದ್ದನೆಯವನು ಕಣ್ಣೀರು ಒರೆಸಿಕೊಳ್ಳುವಷ್ಟು ನಕ್ಕ. ತಟ್ಟೆ ನನ್ನ ಕೈಯಲ್ಲೇ ಇತ್ತು. ನೀವು ಬಾಲ ನೋಡಿದಿರಿ, ಕಾಲು ನೋಡಲಿಲ್ಲ.

ಬಾಣಂತನ ಒಂದು ನೆಪ ಎಂದು ನಿಮಗೆ ಇಷ್ಟರಲ್ಲಿ ತಿಳಿಯಬಹುದು ಅಂದುಕೊಂಡಿದ್ದೆ. ತಿಳಿಯಲಿಲ್ಲ. ಅದಕ್ಕೇ ಬಿಡಿಸಿ ಬರೆದೆ.

ಲಿಂಗಮ್ಮ


ಅಜ್ಜಂಪುರ
೧೧-೯-೧೯೭೮
(ಕಾರ್ಡು)

ಚಿ. ಸೌ. ಲಿಂಗಮ್ಮನಿಗೆ,

ತಾರೀಕುಗಳು ತಲುಪಿದವು. ಉಪಯುಕ್ತವಾಗಿವೆ.

ಬಾಲದಂಡೆ ವಿಚಾರ. ಕೆಂಪನ್ನು ಅಮೃತಾಪುರದ ಕೆರೆ ಏರಿಯಲ್ಲಿ ನೋಡಿದ್ದೇನೆ, ಬಿಳಿಯದನ್ನು ಕಲ್ಲತ್ತಿಗಿರಿಯ ಬಿದಿರಿನಲ್ಲಿ ನೋಡಿದ್ದೇನೆ. ಎರಡೂ ಬೇರೆ ಬೇರೆ ಜಾತಿ. ಮೂವತ್ತು ವರ್ಷದ ಅನುಭವದಿಂದ ಹೇಳುತ್ತಿದ್ದೇನೆ, ಹಕ್ಕಿಗೆ ನರೆ ಬರುವುದಿಲ್ಲ. ಕುಂಟು ಹಕ್ಕಿ ಊರಲ್ಲಿ ಒಂದೇ ಇರಬೇಕೆಂದು ಕಾನೂನಿಲ್ಲ. ನಗೆಚಾಟಿಕೆಗೆ ಆಡಿದ ಮಾತಿಗೆ ಆರು ತಿಂಗಳು ಮನೆ ಬಿಟ್ಟವರನ್ನು ನಾನು ಕಂಡಿಲ್ಲ. ನಲವತ್ತೊಂದು, ನಲವತ್ತೆರಡು ಎರಡಕ್ಕೂ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿ ಆಗಿದೆ. ತಾರೀಕಿಲ್ಲದೆಯೇ ಅಚ್ಚು ಹಾಕಿಸುತ್ತೇನೆ. ಬಾಲದಂಡೆ ಬಗ್ಗೆ ನೀನು ಬರೆದದ್ದನ್ನು ನಕಲು ಮಾಡಿ ಶಿವಮೊಗ್ಗದ ಆ ಮೇಷ್ಟ್ರಿಗೂ ಕಳಿಸಿದ್ದೇನೆ. ಅವರೇ ಹೇಳಲಿ.

ಇಂತಿ,
ಈರಭದ್ರಪ್ಪ


ಅಜ್ಜಂಪುರ
೧೮-೧೦-೧೯೭೮
(ಲಕೋಟೆ, ಅಂಟಿನ ಮೇಲೆ ಅರಗು)

ಪ್ರೀತಿಯ ಲಿಂಗಮ್ಮನಿಗೆ,

ಕ್ಷೇಮವಷ್ಟೆ? ಕೂಸು ಹೇಗಿದೆ? ಹಲ್ಲು ಬಂದಿರಬಹುದು. ಯಾರನ್ನು ಹೋಲುತ್ತದೆ ಎಂದು ನೀನು ಬರೆದೇ ಇಲ್ಲ. ಇಲ್ಲಿ ಚಿತ್ತಾ ಮಳೆ ಸಾಧಾರಣ. ಬಾವಿಯಲ್ಲಿ ನೀರು ಮೇಲಕ್ಕೆ ಬಂದಿದೆ. ದ್ಯಾಮಮ್ಮ ಈಗ ಉಪ್ಪನ್ನೂ ಹಾಕುತ್ತಾಳೆ. ಕಾವಲಿನಲ್ಲಿ ಹುಲ್ಲು ಸೊಂಟದುದ್ದ ಇದೆ, ಹುಲ್ಲಿನ ಮೇಲೆ ತೇಲಿ ಬೇಟೆಯಾಡುವ ಸೆಳೆವ ಹಕ್ಕಿಗಳು ಬಂದಿವೆ. ಸೀಬೆಗಿಡದಲ್ಲಿ ಕಾಯಿ ಚೆನ್ನಾಗಿ ಹಿಡಿದಿದೆ, ನಾನು ದಾರ ಕಟ್ಟಿಲ್ಲ.

ನಿನ್ನ ಟ್ರಂಕು ನೆಲದ ಮೇಲೆ ಇಟ್ಟಿದ್ದರೆ ಕೆಳಗೆ ಎರಡು ಇಟ್ಟಿಗೆ ಕೊಡು. ಅಲ್ಲಿ ತೆಂಗಿನ ತೋಟ ಹತ್ತಿರ, ಇಲಿ ಇರುತ್ತವೆ. ಕಾಗದ ಕಡಿದುಬಿಡುತ್ತವೆ. ಮುಖ್ಯವಾಗಿ ಪಂಚಾಂಗದ ಕಾಗದ.

ಶಿವಮೊಗ್ಗದ ಮೇಷ್ಟ್ರು ಪತ್ರ ಬರೆದಿದ್ದಾರೆ. ಆ ಉದ್ದನೆಯವರು. ಅವರು ಇಂಗ್ಲಿಷ್ ಪುಸ್ತಕ ತೆಗೆದು ನೋಡಿದರಂತೆ. ಬಾಲದಂಡೆಯ ಗಂಡು ಎಳವೆಯಲ್ಲಿ ಕೆಂಪಗಿದ್ದು ಕೆಲವು ವರ್ಷಕ್ಕೆ ಬೆಳ್ಳಗಾಗುತ್ತದೆ ಎಂದು ಅದರಲ್ಲಿ ಇದೆಯಂತೆ. ಎರಡೂ ಒಂದೇ. ಹಾಗೆಂದು ಅವರು ಬರೆದಿದ್ದಾರೆ. ಆ ದಿನ ತಮಗೂ ಗೊತ್ತಿರಲಿಲ್ಲ ಎಂದಿದ್ದಾರೆ. ಆದರೆ ಗುರುತು ಸಿಕ್ಕುವ ಒಂದೇ ಹಕ್ಕಿಯನ್ನು ವರ್ಷ ವರ್ಷ ನೋಡಿ, ಬಣ್ಣ ಬದಲಾದದ್ದನ್ನು ತಾರೀಕು ಸಮೇತ ಬರೆದಿಟ್ಟವರು ತಮಗೆ ತಿಳಿದ ಮಟ್ಟಿಗೆ ಯಾರೂ ಇಲ್ಲ, ನಿಮ್ಮ ಮನೆಯವರ ಪಂಚಾಂಗ ನೋಡಲೇಬೇಕು, ಎಂದು ಎರಡು ಸಲ ಬರೆದಿದ್ದಾರೆ. ನಾನೇನೂ ಪೂರ್ತಿ ತಪ್ಪು ಹೇಳಿದ್ದೆ ಎನ್ನುವ ಹಾಗಿಲ್ಲ, ನರೆ ಬೇರೆ, ಗರಿ ಬಣ್ಣ ಬಿಡುವುದು ಬೇರೆ. ಇರಲಿ. ಒಂದು ರೀತಿಯಲ್ಲಿ ನೀನು ಹೇಳಿದ್ದು ಸರಿ.

ಈ ವಿಷಯ ಸದ್ಯಕ್ಕೆ ನಮ್ಮಿಬ್ಬರಲ್ಲೇ ಇರಲಿ. ಪಂಚಾಂಗಗಳನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸು.

ನಿನ್ನ,
ಈರಭದ್ರಪ್ಪ


ಸಖರಾಯಪಟ್ಟಣ
೨೬-೧೦-೧೯೭೮

ಯಜಮಾನರಿಗೆ,

ಅರಗು ಹಾಕಿದ ಲಕೋಟೆ ನೋಡಿ ಚಿಕ್ಕಬೀರಪ್ಪ ಹೆದರಿ ಓಡೋಡಿ ಬಂದ. ಕೋರ್ಟಿನ ಕಾಗದ ಅಂದುಕೊಂಡನಂತೆ. "ಏನಾಯ್ತವ್ವ, ಖಾತೆಗೀತೆ ತಕರಾರಾ?" ಅಂದ. ತಕರಾರೇನಿಲ್ಲ ಕಣಪ್ಪ, ನಮ್ಮ ಯಜಮಾನರಿಗೆ ನಾಚಿಕೆ ಅಂದೆ.

ಜಗಳವೆಲ್ಲ ಕಾರ್ಡಿನಲ್ಲಿ, ತಪ್ಪೊಪ್ಪಿಗೆ ಮಾತ್ರ ಲಕೋಟೆಯಲ್ಲಾ? ಸಾರು ನೀರಾಗಿದ್ದು ಊರಿಗೆಲ್ಲ ತಿಳಿಯಬಹುದು. ನಾನು ಟ್ರಂಕಿಗೆ ಬೀಗ ಹಾಕಿದ್ದು ತಿಳಿಯಬಹುದು. ಮನೆ ಬಿಟ್ಟವಳು ಎನ್ನುವುದು ತಿಳಿಯಬಹುದು. ನಾನು ಸರಿ ಎನ್ನುವುದು ಮಾತ್ರ ಅರಗಿನ ಕೆಳಗೆ. ಅದೂ 'ಒಂದು ರೀತಿಯಲ್ಲಿ'. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅದೇ ಮಾತನ್ನು ನಾನು ಮನೆಯೊಳಗೆ ನಿಂತು ಹೇಳಿದರೆ ನಗೆಚಾಟಿಕೆ, ಇಂಗ್ಲಿಷ್ ಪುಸ್ತಕದಲ್ಲಿ ಇದ್ದರೆ ಶಾಸ್ತ್ರ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ನಿಮಗೆ ಹಿತ್ತಲ ಹಕ್ಕಿಯೂ ಹಕ್ಕಿಯಲ್ಲ.

ಆ ಉದ್ದನೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನಕ್ಕವರು ಅವರೂ, ಪುಸ್ತಕ ತೆಗೆದು ನೋಡಿ ಬರೆದವರೂ ಅವರೇ. ಅಷ್ಟಾದರೂ ಮಾಡಿದರು.

ಪಂಚಾಂಗ ಕಳಿಸುವುದಿಲ್ಲ. ನನಗೆ ಬೇಕಾಗಿರುವುದು ಇನ್ನೊಬ್ಬರ ಪುಸ್ತಕದ ಸಾಕ್ಷಿ ಅಲ್ಲ. ಸ್ವಾತಿ ಮಳೆ ಹುಟ್ಟಿ ಎರಡು ದಿನವಾಯಿತು. ಈಗ ಅದು ಬರುತ್ತದೆ. ಕಾವಲಿಗೆ ಹೋಗುವುದು ಬಿಟ್ಟು ದಿನಾ ಹತ್ತು ಗಂಟೆಗೆ ಒಗೆಯುವ ಕಲ್ಲಿನ ಹತ್ತಿರ ನಿಲ್ಲಿ. ದುರ್ಬೀನು ಬೇಕಿಲ್ಲ, ನಾನು ಯಾವತ್ತೂ ದುರ್ಬೀನು ಹಿಡಿದವಳಲ್ಲ. ಬಾಲ ನೋಡಬೇಡಿ, ಬಲಗಾಲು ನೋಡಿ. ನೀವೇ ನೋಡಿ, ನೀವೇ ಬರೆಯಿರಿ. ಆಮೇಲೆ ಬರುವ ಮಾತು.

ಕೂಸಿಗೆ ಎರಡು ಹಲ್ಲು. ನಿಮ್ಮನ್ನೇ ಹೋಲುತ್ತದೆ, ಹಿಡಿದದ್ದು ಬಿಡುವುದಿಲ್ಲ.

ಲಿಂಗಮ್ಮ


ಅಜ್ಜಂಪುರ
೩-೧೨-೧೯೭೮

ಲಿಂಗಮ್ಮ,

ಬರಲಿಲ್ಲ.

ನಿನ್ನ ಕಾಗದ ಬಂದ ಮಾರನೆಯ ದಿನದಿಂದ ನಿಂತೆ. ಸ್ವಾತಿ ಮುಗಿಯಿತು, ವಿಶಾಖ ಮುಗಿಯಿತು, ಅನೂರಾಧವೂ ಮುಗಿಯಿತು. ಒಂದು ದಿನವೂ ತಪ್ಪಿಸಲಿಲ್ಲ. ಮೊದಲ ವಾರ ಒಗೆಯುವ ಕಲ್ಲಿನ ಮೇಲೆ ಕೂತೆ. 'ಏನ್ರೀ ಸ್ಟಾಕ್‌ಮನ್ನೋರೇ, ಕಲ್ಲು ಕಾಯ್ತಿದೀರಾ?' ಎಂದು ದ್ಯಾಮಮ್ಮ ಗೋಡೆ ಮೇಲಿಂದ ಕೇಳಿದಳು. ಹೌದು ಎಂದೆ. ಸಿಪಿಲೆ ಬಂತು, ಕಳ್ಳಿಪೀರ ಬಂತು. ಆ ಕೊಂಬೆಗೆ ಯಾವುದೂ ಬಂದು ಕೂರಲಿಲ್ಲ.

ಅದಕ್ಕೆ ವಯಸ್ಸಾಗಿತ್ತು. ಕಾಲು ಬೇರೆ ಇರಲಿಲ್ಲ. ಅಷ್ಟು ದೂರದಿಂದ ಬರಬೇಕು. ಇನ್ನು ಬರುತ್ತದೆಂದು ನನಗೆ ಅನ್ನಿಸುವುದಿಲ್ಲ.

ನನಗೆ ಏನನ್ನಿಸಿತು ಎಂದು ಬರೆದುಬಿಡುತ್ತೇನೆ. ನಾಲ್ಕು ಚಳಿಗಾಲ ಅದು ನಮ್ಮ ಹಿತ್ತಲಲ್ಲಿತ್ತು. ನಾನು ಅದೇ ಹೊತ್ತಿಗೆ ಎಂಟು ಮೈಲಿ ಆಚೆ ಹುಲ್ಲಿನಲ್ಲಿ ಮಲಗಿ ಹಕ್ಕಿ ಹುಡುಕುತ್ತಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆ. ಆ ಸಂಕ್ರಾಂತಿಯ ಮಾರನೆಯ ದಿನ ಕಿಟಕಿಯಿಂದ ಅದನ್ನು ನೋಡಿದೆನಲ್ಲ, ಎಂಟು ಹತ್ತು ನಿಮಿಷ ಕೂತಿತ್ತು. ನೀನು ಹೇಳಿದ ಮೇಲೂ ಕಣ್ಣು ಕೆಳಗಿಳಿಸಿ ಒಂದು ಸಲ ಕಾಲು ನೋಡಲಿಲ್ಲ. ನಗುತ್ತಿದ್ದೆ. ಅದೊಂದೇ ಅವಕಾಶ ಇದ್ದದ್ದು, ಅದು ಹೋಯಿತು. ನನಗೆ ಬಹಳ ಸಂಕಟವಾಗಿದೆ ಲಿಂಗಮ್ಮ. ಹಕ್ಕಿಗಾಗಿಯೋ ನಿನಗಾಗಿಯೋ ಬಿಡಿಸಿ ಹೇಳಲು ಬರುವುದಿಲ್ಲ.

ಮೊನ್ನೆ ತರೀಕೆರೆಗೆ ಹೋಗಿ ನಲವತ್ತೊಂದು, ನಲವತ್ತೆರಡರ ಮೊಳೆ ಬಿಚ್ಚಿಸಿ ಬಂದೆ. ಜಯದೇವಪ್ಪನವರು ತಲೆ ಚಚ್ಚಿಕೊಂಡರು. ರಟ್ಟಿನ ಮೇಲೆ ಅರವತ್ತನಾಲ್ಕು ಎಂದಿದೆ, ಒಳಗೆ ಈಗ ಅರವತ್ತಮೂರೇ ಆಗುತ್ತದೆ. "ಒಂದು ಹಕ್ಕಿ ಎಲ್ಲಿಂದಾದ್ರೂ ಹಿಡ್ಕೊಂಡು ಬನ್ನಿ ಸ್ವಾಮಿ, ರಟ್ಟು ನಾನು ಮತ್ತೆ ಹಾಕಲ್ಲ" ಎಂದರು. ಬಾಲದಂಡೆಯ ಪುಟ ಖಾಲಿ ಬಿಟ್ಟು ಬಂದಿದ್ದೇನೆ. ನೋಡಿದವಳು ನೀನೊಬ್ಬಳೇ. ನೀನು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕೇಳುವ ಮುಖ ನನಗಿಲ್ಲ.

ಈರಭದ್ರಪ್ಪ


ಸಖರಾಯಪಟ್ಟಣ
೮-೧೨-೧೯೭೮

ಯಜಮಾನರಿಗೆ,

ಬರಲಿಲ್ಲ ಎಂಬ ಮೊದಲ ಸಾಲು ಓದಿ ಕಾಗದ ಮಡಚಿಟ್ಟೆ. ಕೂಸಿಗೆ ನೀರು ಹಾಕಿ ಬಂದು ಆಮೇಲೆ ಮಿಕ್ಕಿದ್ದು ಓದಿದೆ. ಹೋದ ಯುಗಾದಿಗೆ ಅದು ಹೊರಡುವಾಗ ನಾನು ಇಲ್ಲಿದ್ದೆ. ನಿಮ್ಮ ಮೇಲಿನ ಸಿಟ್ಟಿನಲ್ಲಿ ನಾನೂ ಅದನ್ನು ಕೊನೆಯ ಸಲ ನೋಡಲಿಲ್ಲ. ಅದು ನನ್ನ ತಪ್ಪು, ನಿಮ್ಮದಲ್ಲ.

ಪಂಚಾಂಗ ಕಳಿಸುವುದಿಲ್ಲ, ಟ್ರಂಕು ನನ್ನ ಜೊತೆಗೇ ಬರುತ್ತದೆ. ನಾಲ್ಕು ಸಾಲು ನಕಲು ಮಾಡಿದ್ದೇನೆ. ಇದ್ದದ್ದು ಇದ್ದ ಹಾಗೆ.

ಆನಂದ, ಸ್ವಾತಿ ಎರಡನೇ ಪಾದ: ಕೆಂಪು ಹಕ್ಕಿ, ಬಾಲ ಗಿಡ್ಡ. ದಾರದಿಂದ ಬಿಡಿಸಿದೆ. ಬದುಕುತ್ತೋ ಇಲ್ಲವೋ.

ರಾಕ್ಷಸ, ಸ್ವಾತಿ ಕೊನೆ: ಮೊಂಡುಕಾಲಿನದು ಬಂತು. ಬಾಲ ಉದ್ದ ಬಂದಿದೆ. ಮೈ ಕೆಂಪು. ನನ್ನನ್ನು ಕಂಡರೆ ಹಾರುವುದಿಲ್ಲ.

ನಳ, ಸ್ವಾತಿ ಮೂರನೇ ಪಾದ: ಬಂತು. ಮೈ ಕೆಂಪು, ಬಾಲದಲ್ಲಿ ಬಿಳಿ ಗರಿ. ಇವರಿಗೆ ಹೇಳಬೇಕು.

ಪಿಂಗಳ, ಸ್ವಾತಿ ಮೊದಲನೇ ಪಾದ: ಬಂತು. ಪೂರ್ತಿ ಬಿಳಿ. ನನ್ನ ತಲೆಯ ಹಾಗೆ. ಹೇಳಿದರೆ ನಂಬುತ್ತಾರೋ ಇಲ್ಲವೋ.

ಇಷ್ಟೇ. ಏನು ಮಾಡುತ್ತೀರೋ ನಿಮಗೆ ಬಿಟ್ಟದ್ದು.

ಲಿಂಗಮ್ಮ


ಅಜ್ಜಂಪುರ
೧೩-೧೨-೧೯೭೮
(ಕಾರ್ಡು)

ಚಿ. ಸೌ. ಲಿಂಗಮ್ಮನಿಗೆ,

ಇದನ್ನು ಕಾರ್ಡಿನಲ್ಲೇ ಬರೆಯುತ್ತಿದ್ದೇನೆ. ಪೋಸ್ಟ್‌ಮನ್ ಚಿಕ್ಕಬೀರಪ್ಪನವರು ಇದನ್ನು ಹೋಟ್ಲಿನಲ್ಲಿ ಒಂದು ಸಲ, ಅರಳಿಕಟ್ಟೆಯಲ್ಲಿ ಒಂದು ಸಲ ಗಟ್ಟಿಯಾಗಿ ಓದಬೇಕೆಂದು ನನ್ನ ವಿನಂತಿ. ಪುಸ್ತಕದ ನಲವತ್ತೊಂದನೆಯ ಪುಟ ಹೀಗೆ ಇರುತ್ತದೆ:

'ಬಾಲದಂಡೆ. ಇದರ ಗಂಡು ಮೊದಲು ಕೆಂಪಗಿದ್ದು ವಯಸ್ಸಾದಂತೆ ಬೆಳ್ಳಗಾಗುತ್ತದೆ. ಎಡಗಾಲಿನ ಪಾದವಿಲ್ಲದ ಒಂದು ಹಕ್ಕಿ ಅಜ್ಜಂಪುರದ ನಮ್ಮ ಹಿತ್ತಲಿಗೆ ನಾಲ್ಕು ಚಳಿಗಾಲ ಬಂದು ಹೀಗೆ ಬದಲಾದದ್ದನ್ನು ನೋಡಿ, ಪಂಚಾಂಗದಲ್ಲಿ ಬರೆದಿಟ್ಟವರು ಲಿಂಗಮ್ಮ. ಅವರು ಹೇಳಿದಾಗ ನಾನು ನಕ್ಕೆ. ಹಕ್ಕಿ ನನ್ನ ಕಣ್ಣ ಮುಂದೆಯೇ ಕೂತಿತ್ತು. ನಾನು ನೋಡಲಿಲ್ಲ.'

ಈ ಪುಸ್ತಕ ಬರೆದವರ ಹೆಸರು ಎರಡು. ಜಯದೇವಪ್ಪನವರು ರಟ್ಟಿನ ಮೇಲೆ ಚೀಟಿ ಅಂಟಿಸಲು ಒಪ್ಪಿದ್ದಾರೆ.

ಇಂತಿ,
ಈರಭದ್ರಪ್ಪ


ಸಖರಾಯಪಟ್ಟಣ
೧೭-೧೨-೧೯೭೮
(ಕಾರ್ಡು)

ಯಜಮಾನರಿಗೆ,

ನಾನೂ ಕಾರ್ಡಿನಲ್ಲೇ ಬರೆಯುತ್ತಿದ್ದೇನೆ. ನಿಮ್ಮೂರ ಪೋಸ್ಟ್‌ಮನ್ನೂ ಓದಲಿ.

ಚಿಕ್ಕಬೀರಪ್ಪ ಎರಡು ಕಡೆ ಓದು ಎಂದರೆ ಐದು ಕಡೆ ಓದಿದ. ನಮ್ಮ ಬಾಗಿಲಿಗೆ ಬಂದಾಗ ಅವನಿಗೆ ಗಂಟಲು ಕಟ್ಟಿತ್ತು. 'ನಾನು ನೋಡಲಿಲ್ಲ' ಎನ್ನುವ ಕಡೆ ಅವನ ಕೈಯಲ್ಲಿ ಓದಲಾಗಲಿಲ್ಲ, ಸುಲೋಚನ ಇಸಕೊಂಡು ಓದಿದಳು. ನಾನು ಒಳಗೆ ಹೋಗಿ ಅತ್ತೆ. ಇದನ್ನು ನಿಮ್ಮೂರ ಪೋಸ್ಟ್‌ಮನ್ ಗಟ್ಟಿಯಾಗಿ ಓದುವುದು ಬೇಡ.

ಅತ್ತು ಬಂದು ಕಾರ್ಡು ಇನ್ನೊಂದು ಸಲ ನೋಡಿದೆ. ಎಡಗಾಲಂತೆ! ಬಲಗಾಲು ಕಣ್ರೀ. ಬಿಡಿಸಿ ಬರೆದೆ, ನೆನಪಿಟ್ಟುಕೊಳ್ಳಿ ಎಂದು ಬರೆದೆ, ಮತ್ತೊಂದು ಕಾಗದದಲ್ಲಿ ಬಲಗಾಲು ನೋಡಿ ಎಂದು ಬರೆದೆ. ಮೂವತ್ತು ವರ್ಷ ದನದ ಕಾಲು ಹಿಡಿದವರು ನೀವು. ಅರವತ್ತನಾಲ್ಕನೆಯ ಹಕ್ಕಿಗೆ ಒದ್ದಾಡಬೇಡಿ, ನಿಮ್ಮ ಪಟ್ಟಿಯಲ್ಲಿ ಗುಬ್ಬಿಯೇ ಇಲ್ಲ. ಅದು ನಿಮ್ಮ ತಲೆಯ ಮೇಲಿನ ತೊಲೆಯಲ್ಲೇ ಗೂಡು ಕಟ್ಟಿದೆ, ಎದ್ದು ನೋಡಿ.

ಗುರುವಾರ ಕಡೂರಿನಿಂದ ರೈಲಿಗೆ ಬರುತ್ತೇನೆ. ಸ್ಟೇಷನ್ನಿಗೆ ಬನ್ನಿ, ಟ್ರಂಕು ಭಾರ ಇದೆ. ಅಲ್ಲಿಯವರೆಗೆ ಪ್ರೆಸ್ಸಿಗೆ ಒಂದಕ್ಷರ ಕೊಡಬೇಡಿ, ಯಾವ ಹಕ್ಕಿಗೂ ಕಾಲು ಹಾಕಬೇಡಿ.

ಲಿಂಗಮ್ಮ